ಮೊಮ್ಮಕ್ಕಳ ಮೇಜು

ಗೆಳೆಯನೊಬ್ಬ ಫೋಟೊ ಕಳಿಸಿದ. ಗೋಡೆಗೆ ಒರಗಿಸಿದ ಒಂದಷ್ಟು ತೇಗದ ಹಲಗೆ, ಪಕ್ಕದಲ್ಲೊಂದು ಗರಗಸ. ಕೆಳಗೆ ಬರೆದಿದ್ದ: 'ನಮ್ಮ ಮನೆತನದ ಮೇಜು. ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ.' ಮೇಜಿಗಿನ್ನೂ ಒಂದು ಕಾಲೂ ಬಂದಿಲ್ಲ, ಆಗಲೇ ಮನೆತನ! ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಆಗಲೇ ಮೊಮ್ಮಕ್ಕಳು! ಯಾಕೋ ಸಿಟ್ಟು ಬಂತು. 'ಚೆನ್ನಾಗಿದೆ' ಅಂತ ಉತ್ತರ ಬರೆದೆ.

ಕೈಯಾರೆ ಮೇಜು ಮಾಡುವುದಕ್ಕೆ ನನ್ನ ತಕರಾರೇನಿಲ್ಲ. ನನ್ನ ಮರುಕವೆಲ್ಲ ಆ ಮೊಮ್ಮಕ್ಕಳ ಮೇಲೆ. ಪಾಪ, ಹುಟ್ಟುವ ಮೊದಲೇ ಅವರ ಕೊರಳಿಗೆ ಒಂದು ಮೇಜು ಕಟ್ಟಿ ಆಯಿತು. ಬೇಕಾ ಅಂತ ಕೇಳುವವರಿಲ್ಲ. ಬೇಡ ಅನ್ನುವ ಹಾಗೂ ಇಲ್ಲ. ತಾತ ಕೈಯಾರೆ ಮಾಡಿದ್ದು, ಅಲ್ವಾ? ಮಾರಿದರೆ ಪಾಪ, ಇಟ್ಟುಕೊಂಡರೆ ಜಾಗವಿಲ್ಲ.

ತಲೆಮಾರಿಂದ ತಲೆಮಾರಿಗೆ ಬಂದ ಮೇಜು ಅಂದರೆ ಅಮೆರಿಕದ ಅಧ್ಯಕ್ಷರ ರೆಸಲ್ಯೂಟ್ ಮೇಜು. ಮೊದಲು ಅದೊಂದು ಹಡಗಾಗಿತ್ತು. ಉತ್ತರ ಧ್ರುವದ ಕಡೆ ಹೋಗಿ ಕಾಣೆಯಾದ ಫ್ರಾಂಕ್ಲಿನ್ ತಂಡವನ್ನು ಹುಡುಕಲು ಹೊರಟ ಬ್ರಿಟಿಷ್ ಹಡಗು. ಹುಡುಕಲು ಹೋಗಿ ತಾನೇ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. 1854ರಲ್ಲಿ ಸಿಬ್ಬಂದಿ ಅದನ್ನು ಅಲ್ಲೇ ಬಿಟ್ಟು ಹೊರಟರು. ಹಡಗು ಸುಮ್ನೆ ಕೂರಲಿಲ್ಲ. ಒಳಗೆ ಒಂದು ನರಪಿಳ್ಳೆ ಇಲ್ಲದೆ ಮಂಜಿನ ಜೊತೆ ತೇಲುತ್ತಾ ನಡೆಯಿತು. ಮರುವರ್ಷ ಅಮೆರಿಕದ ತಿಮಿಂಗಿಲ ಬೇಟೆಯವರ ಕಣ್ಣಿಗೆ ಬಿತ್ತು. ಅಮೆರಿಕ ಸರ್ಕಾರ ಅದನ್ನು ಕೊಂಡು, ರಿಪೇರಿ ಮಾಡಿಸಿ, 1856ರಲ್ಲಿ ವಿಕ್ಟೋರಿಯಾ ರಾಣಿಗೆ ವಾಪಸ್ ಕೊಟ್ಟಿತು. ಮುಂದೆ ಹಡಗಿಗೆ ವಯಸ್ಸಾಯಿತು, ಒಡೆದರು. ಅದರ ಓಕ್ ಮರದಲ್ಲಿ ಮೇಜು ಮಾಡಿಸಿ ರಾಣಿ 1880ರಲ್ಲಿ ಅಧ್ಯಕ್ಷ ಹೇಯ್ಸ್‌ಗೆ ಕಳಿಸಿದಳು.

ಇಷ್ಟು ದೊಡ್ಡ ಮನೆತನದ ಮೇಜು. ಆಮೇಲೆ ಬಂದವರು ಅದನ್ನು ಹಾಗೇ ಬಿಟ್ಟರಾ? ಅಧ್ಯಕ್ಷ ರೂಸ್‌ವೆಲ್ಟ್‌ಗೆ ತಮ್ಮ ಕಾಲಿಗೆ ಆಸರೆಯಾಗಿ ಕಟ್ಟಿದ್ದ ಬ್ರೇಸ್ ಎದುರಿನವರಿಗೆ ಕಾಣಬಾರದಿತ್ತು. ಮುಂಭಾಗಕ್ಕೆ ಒಂದು ಮುಚ್ಚುಹಲಗೆ ಕೂರಿಸಲು ಹೇಳಿದರು. ಅದು ಬಂದು ಕೂರುವಷ್ಟರಲ್ಲಿ ಅವರೇ ಇರಲಿಲ್ಲ. ಕೆನಡಿಯ ಪುಟ್ಟ ಮಗ ಆ ಹಲಗೆ ತೆಗೆದು ಹೊರಗೆ ಇಣುಕಿದ ಫೋಟೊ ಲೋಕಕ್ಕೆಲ್ಲ ಗೊತ್ತಾಯಿತು. ನಡುವೆ ಮೇಜು ಕೆಲವು ವರ್ಷ ಮ್ಯೂಸಿಯಮ್ಮಿಗೂ ಹೋಗಿ ಬಂತು. ರೇಗನ್ ಕೂತರೆ ಮೊಣಕಾಲು ತಾಗುತ್ತಿತ್ತು, ಅಡಿಗೆ ಪೀಠ ಕೊಟ್ಟು ಎತ್ತರಿಸಿದರು. ರಾಣಿ ಕೊಟ್ಟದ್ದಕ್ಕೇ ಈ ಗತಿ. ನಮ್ಮ ಗೆಳೆಯನ ಮೊಮ್ಮಗಳು ಡ್ರಿಲ್ ತಂದು ಚಾರ್ಜರ್ ವೈರಿಗೆ ನಡುಮಧ್ಯೆ ತೂತು ಕೊರೆಯದೆ ಬಿಡುತ್ತಾಳಾ?

ಕೊರೆಯಲಿ ಬಿಡಿ. ಆ ಕಾಲದವರೆಗೆ ಮೇಜು ಉಳಿಯಬೇಕಲ್ಲ. ಫೋನ್ ಮಾಡಿ ಕೇಳಿದೆ, ಮೇಲಿನ ಹಲಗೆ ಹೇಗೆ ಕೂರಿಸ್ತೀಯಾ ಅಂತ. 'ಸುತ್ತಲೂ ಅಂಟು, ಮೇಲೆ ಸ್ಕ್ರೂ. ಅಲ್ಲಾಡಬಾರದು ನೋಡು' ಅಂದ. ಅಲ್ಲೇ ಇರೋದು ಎಡವಟ್ಟು. ಮರ ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಅಡ್ಡಕ್ಕೆ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಕಡಿದು ಎಷ್ಟೇ ವರ್ಷವಾದರೂ ಈ ಚಾಳಿ ಬಿಡುವುದಿಲ್ಲ. ಬಿಗಿದು ಕಟ್ಟಿದರೆ ಒಂದು ದಿನ ಎಳೆಯ ಗುಂಟ ಸೀಳು ಬಿಡುತ್ತದೆ. ಅದಕ್ಕೇ ಬಲ್ಲವರು ಚೌಕಟ್ಟಿನ ತೂತನ್ನು ದುಂಡಗೆ ಕೊರೆಯುವುದಿಲ್ಲ. ಅಡ್ಡಕ್ಕೆ ಒಂಚೂರು ಉದ್ದ ಮಾಡುತ್ತಾರೆ. ಹಲಗೆ ಉಸಿರಾಡಿದಾಗ ಸ್ಕ್ರೂ ಆ ಸಂದಿನಲ್ಲಿ ಕೂದಲೆಳೆಯಷ್ಟು ಆಚೀಚೆ ಜಾರುತ್ತದೆ. ಮೇಜಿನ ಅಡಿಗೆ ಅಂಗಾತ ಮಲಗದ ಹೊರತು ಯಾರಿಗೂ ಕಾಣದ ಕೆಲಸ ಇದು. ಇನ್ನು ಹಸಿ ಮರ ಗಾಳಿಗೆ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಳೇ ಲೆಕ್ಕ. ಇವನ ಹಲಗೆ ಎರಡು ಇಂಚು. ಇವನಿಗೆ ಮುಂದಿನ ವಾರವೇ ಮುಗಿಯಬೇಕು. ಮೂರು ತಲೆಮಾರಿನ ಮೇಜು ಮಾಡುವವರಿಗೆ ಇರುವ ಅವಸರ ಬೇರೆ ಯಾರಿಗೂ ಇರುವುದಿಲ್ಲ.

ಇಷ್ಟು ಹೇಳಿ, ಮನೆತನದ ವಸ್ತು ಅಂದರೆ ನಿಜಕ್ಕೂ ಏನು ಅನ್ನೋದನ್ನು ಅವನಿಗೆ ಸರಿಯಾಗಿ ತಿಳಿಸಬೇಕು ಅಂತಿದ್ದೆ. ಅಷ್ಟರಲ್ಲಿ ಅವನು ಪಾಲಿಶ್ ವಿಷಯ ಎತ್ತಿದ. ಗಾಜಿನಂಥ ಗಟ್ಟಿ ವಾರ್ನಿಶ್ ಬೇಕಂತೆ, ಮಕ್ಕಳು ಗೀಚಬಾರದಂತೆ. ಗೀಚದ ಮೇಜು ಯಾಕೆ ಬೇಕು, ಮಾರಾಯ? ಅಗಸೆ ಎಣ್ಣೆ ಹಚ್ಚು, ಗೀರು ಬಿದ್ದ ಕಡೆ ಉಜ್ಜಿ ಮತ್ತೆ ಹಚ್ಚಬಹುದು ಅಂದೆ. ಆಶ್ಚರ್ಯ, ಈ ಒಂದು ಮಾತು ಕೇಳಿದ.

ಕೇಳಿದ ಮೇಲೆ ನನಗೇ ಭಯ ಶುರುವಾಯಿತು. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಕಡ್ಡಿ ಗೀರದೆಯೇ ತನ್ನಷ್ಟಕ್ಕೆ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸು ಅಂತ ದಿನಾ ಮೆಸೇಜ್ ಹಾಕ್ತಾ ಇದ್ದೇನೆ. 'ಸರಿ ಸರಿ' ಅಂತಾನೆ. ಅವನ ಹೆಂಡತಿಗೂ ಒಂದು ಹಾಕಿದ್ದೇನೆ.