ಸತ್ಯಾಂಶ: ಪಟ್ಟಾಭಿಷೇಕವಾದರೆ ಕಾನೂನಿನ ಪ್ರಕಾರ ಮಹಾರಾಜರಾಗುತ್ತಾರೆಯೇ?

‘ದತ್ತು ಪಡೆದು ಪಟ್ಟ ಕಟ್ಟಿದ್ದರಿಂದ ಯದುವೀರ್ ಒಡೆಯರ್ ಸರ್ಕಾರವೇ ಮಾನ್ಯ ಮಾಡಿದ ಮಹಾರಾಜರು, ಮೈಸೂರು ಸಂಸ್ಥಾನದ ಆಸ್ತಿಯೆಲ್ಲ ತಾನಾಗಿಯೇ ಅವರದು’ ಎಂಬ ಸಂದೇಶ ದಸರಾ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ತಿರುಗುತ್ತದೆ. ಎರಡೂ ತಪ್ಪು.

ಸಂವಿಧಾನದ 366(22)ನೇ ವಿಧಿಯಡಿ ರಾಜರನ್ನೂ ಉತ್ತರಾಧಿಕಾರಿಗಳನ್ನೂ ಮಾನ್ಯ ಮಾಡುತ್ತಿದ್ದವರು ರಾಷ್ಟ್ರಪತಿ. 1971ರ 26ನೇ ತಿದ್ದುಪಡಿ ಆ ಮಾನ್ಯತೆಯನ್ನೂ ರಾಜಧನವನ್ನೂ (ಸರ್ಕಾರ ರಾಜರಿಗೆ ಕೊಡುತ್ತಿದ್ದ ವಾರ್ಷಿಕ ಹಣ) ಒಟ್ಟಿಗೇ ತೆಗೆದುಹಾಕಿತು. ಹಾಗಾಗಿ ಜಯಚಾಮರಾಜ ಒಡೆಯರ್ 1974ರಲ್ಲಿ ತೀರಿಕೊಂಡಾಗ ಮಗ ಶ್ರೀಕಂಠದತ್ತರಿಗೂ ‘ಮಹಾರಾಜ’ ಎಂಬುದು ಗೌರವದ ಕರೆಯಷ್ಟೇ ಆಗಿತ್ತು. 2015ರ ಮೇ 28ರಂದು ನಡೆದ ಯದುವೀರ್ ಪಟ್ಟಾಭಿಷೇಕ ಅರಮನೆಯ ಖಾಸಗಿ ವಿಧಿ.

ದತ್ತಕದ ವಿಷಯ ಬೇರೆ. ಅದು 1956ರ ಹಿಂದೂ ದತ್ತಕ ಕಾಯ್ದೆಗೆ ಸೇರಿದ್ದು. ಅದರ ಪ್ರಕಾರ 15 ತುಂಬಿದವರನ್ನು ದತ್ತು ಪಡೆಯುವಂತಿಲ್ಲ, ಸಂಬಂಧಪಟ್ಟವರ ರೂಢಿಯಲ್ಲಿ ಅವಕಾಶವಿದ್ದರೆ ಮಾತ್ರ ಪಡೆಯಬಹುದು. ದತ್ತು ಪಡೆದಾಗ ಯದುವೀರ್‌ಗೆ 22. ಫಾರ್ವರ್ಡ್ ಮಾಡುವವರು ಓದದೇ ಬಿಡುವುದು 12ನೇ ಸೆಕ್ಷನ್ನನ್ನು: ದತ್ತಕಕ್ಕೆ ಮೊದಲೇ ಒಬ್ಬರ ಪಾಲಿಗೆ ಬಂದ ಆಸ್ತಿಯನ್ನು ದತ್ತುಪುತ್ರ ಕಸಿಯುವಂತಿಲ್ಲ. ಶ್ರೀಕಂಠದತ್ತರ ಸಾವು 2013ರ ಡಿಸೆಂಬರ್‌ನಲ್ಲಿ, ಯದುವೀರ್ ದತ್ತಕ 2015ರ ಫೆಬ್ರುವರಿಯಲ್ಲಿ; ಅಂದರೆ ದತ್ತಕಕ್ಕೆ ಮೊದಲೇ ಆಸ್ತಿ ವಾರಸುದಾರರ ಪಾಲಿಗೆ ಹೋಗಿತ್ತು.

ಅಂದಹಾಗೆ, 2024ರಲ್ಲಿ ಅವರಿಗೆ ಸಿಕ್ಕ ಸಂಸದ ಸ್ಥಾನ ಮತದಾರರು ಕೊಟ್ಟದ್ದು.