ಬಗ್ಗುವುದು ಬೇರೆ, ಬಗ್ಗಿ ನೋಡುವುದು ಬೇರೆ

2009ರ ನವೆಂಬರ್‌ನಲ್ಲಿ ಬರಾಕ್ ಒಬಾಮ ಟೋಕಿಯೊದಲ್ಲಿ ಜಪಾನಿನ ಚಕ್ರವರ್ತಿಯ ಮುಂದೆ ಸೊಂಟ ಬಗ್ಗಿಸಿದರು. ಅಮೆರಿಕದಲ್ಲಿ ದೊಡ್ಡ ರಂಪವಾಯಿತು. ನಮ್ಮ ಅಧ್ಯಕ್ಷರು ಇಷ್ಟೊಂದು ಬಗ್ಗೋದಾ ಅಂತ. 2013ರಲ್ಲಿ ಬಿಲ್ ಗೇಟ್ಸ್ ದಕ್ಷಿಣ ಕೊರಿಯಾದ ಅಧ್ಯಕ್ಷೆಯ ಕೈ ಕುಲುಕಿದರು. ಬಗ್ಗಲಿಲ್ಲ. ಸಾಲದ್ದಕ್ಕೆ ಎಡಗೈ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅಲ್ಲಿನ ಪತ್ರಿಕೆಗಳಿಗೆ ಆ ಜೇಬೇ ದೊಡ್ಡ ಸುದ್ದಿ.

ಬಗ್ಗಿದರೂ ಬೈಗುಳ, ಬಗ್ಗದಿದ್ದರೂ ಬೈಗುಳ. ಈ ಭಯವನ್ನೇ ಬಂಡವಾಳ ಮಾಡಿಕೊಂಡು ಒಂದು ಕಸುಬು ಹುಟ್ಟಿದೆ. ಅದರ ಹೆಸರು ಅಂತರ್‌ಸಂಸ್ಕೃತಿ ತರಬೇತಿ.

ತರಗತಿ ಭರ್ಜರಿಯಾಗಿರುತ್ತದೆ. ಜಪಾನಿಗೆ ಹೊರಟವರಿಗೆ ಬಗ್ಗುವ ಲೆಕ್ಕ: ದಾರಿಯಲ್ಲಿ ಸಿಕ್ಕವರಿಗೆ 15 ಡಿಗ್ರಿ, ಗಿರಾಕಿಗೆ 30, ತಪ್ಪು ಮಾಡಿ ಸಿಕ್ಕಿಬಿದ್ದರೆ 45. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಪ್ರಸಾದದ ಹಾಗೆ. ಹಿಂದಿನ ಜೇಬಿಗೆ ಹಾಕಿ ಅದರ ಮೇಲೆ ಕೂತರೆ ವ್ಯಾಪಾರದ ಮೇಲೇ ಕೂತಂತೆ. ಜಪಾನಿನವರು ‘ಹಾಯ್’ (ಅವರ ಭಾಷೆಯಲ್ಲಿ ಹೌದು) ಅಂದರೆ ಒಪ್ಪಿಕೊಂಡರು ಅಂದುಕೊಳ್ಳಬಾರದು. ಅದು ಬರೀ ಹ್ಞೂಂಗುಟ್ಟುವುದು. ಕತೆ ಕೇಳುವ ಮಗು ಹ್ಞೂಂ ಅನ್ನುತ್ತಲೇ ನಿದ್ದೆ ಹೋಗುವುದಿಲ್ಲವೇ, ಹಾಗೆ. ಅಮೆರಿಕಕ್ಕೆ ಹೊರಟವರಿಗೆ ಬೇರೆ ಪಾಠ. ಅವರು ಹೇಗಿದ್ದೀರಿ ಅಂತ ಕೇಳುತ್ತಾರೆ, ನಿಜಕ್ಕೂ ಹೇಗಿದ್ದೀರಿ ಅಂತ ಮಾತ್ರ ಹೇಳಲು ಹೋಗಬೇಡಿ.

ಹೀಗೆ ಬಗ್ಗುವುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಗಿರಾಕಿಯ ಬದುಕಿನೊಳಗೆ ಒಮ್ಮೆ ಬಗ್ಗಿ ನೋಡಿ ಅನ್ನುವವರು ಆ ತರಗತಿಯಲ್ಲಿ ಇರುವುದಿಲ್ಲ.

1992ರ ಜನವರಿಯನ್ನೇ ನೋಡಿ. ಹಿರಿಯ ಬುಷ್ ಟೋಕಿಯೊಗೆ ಹೋದರು. ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಮೂರೂ ಕಂಪನಿಗಳ ಮುಖ್ಯಸ್ಥರು ಜೊತೆಗಿದ್ದರು. ಅಮೆರಿಕದ ಅಧ್ಯಕ್ಷರೇ ಸೇಲ್ಸ್‌ಮನ್. ಜನವರಿ 8ರ ರಾತ್ರಿ ಔತಣಕೂಟದಲ್ಲಿ ಪಾಪ, ಅವರಿಗೆ ಹುಷಾರು ತಪ್ಪಿ ಪ್ರಧಾನಿ ಮಿಯಾಜಾವಾ ಅವರ ಮೇಲೆಯೇ ವಾಂತಿಯಾಯಿತು. ಜಗತ್ತು ನೆನಪಿಟ್ಟುಕೊಂಡಿದ್ದು ಅದನ್ನು. ಹುಷಾರಿಲ್ಲದವರನ್ನು ನೋಡಿ ನಗಬಾರದು. ನಗಬೇಕಾದ್ದು ಬೇರೆಯೇ ಇತ್ತು.

ಜಪಾನಿನಲ್ಲಿ ವಾಹನಗಳು ಓಡುವುದು ರಸ್ತೆಯ ಎಡಬದಿಗೆ. ಹಾಗಾಗಿ ಸ್ಟೀರಿಂಗ್ ಬಲಗಡೆ. ಈ ಮೂರೂ ಕಂಪನಿಗಳು ಅಲ್ಲಿ ಮಾರುತ್ತಿದ್ದ ಹೆಚ್ಚಿನ ಕಾರುಗಳಿಗೆ ಸ್ಟೀರಿಂಗ್ ಎಡಗಡೆ! ಮೇಲಿಂದ ದೂರು ಬೇರೆ: ನೀವು ಬಾಗಿಲು ಮುಚ್ಚಿದ್ದೀರಿ ಅಂತ. ಜಪಾನ್ 1978ರಲ್ಲೇ ಕಾರುಗಳ ಆಮದು ಸುಂಕ ತೆಗೆದುಹಾಕಿತ್ತು. ಬೇರೆ ಅಡ್ಡಿಗಳೂ ಇದ್ದವು ಅನ್ನಿ. ಆದರೂ ದೇಶದ ಬಾಗಿಲಿಗಿಂತ ಕಾರಿನ ಬಾಗಿಲಿನದೇ ತೊಂದರೆ ಜಾಸ್ತಿ ಇತ್ತು. ಡ್ರೈವರ್ ಹತ್ತಬೇಕಾದ್ದು ಆ ಕಡೆಯಿಂದ.

ಏಷ್ಯಾದವರೇನು ಹುಟ್ಟು ಬುದ್ಧಿವಂತರಲ್ಲ. ಟೊಯೋಟಾ 1957ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂತು. ಕಾರಿನ ಹೆಸರು ಟೊಯೊಪೆಟ್ ಕ್ರೌನ್. ಇಂಗ್ಲಿಷ್ ಕಿವಿಗೆ ಅದು ಆಟಿಕೆ, ಸಾಕಿದ ನಾಯಿಮರಿ ಎರಡೂ ಸೇರಿದ ಹಾಗೆ ಕೇಳುತ್ತದೆ. ಅದರ ತಲೆಗೊಂದು ಕಿರೀಟ. ತವರಿನ ಕೆಟ್ಟ ರಸ್ತೆಗಳಲ್ಲಿ ಗಟ್ಟಿಯಾಗಿ ನಿಂತಿದ್ದ ಗಾಡಿ ಅಮೆರಿಕದ ಹೈವೇಯಲ್ಲಿ ವೇಗ ಹಿಡಿದ ಕೂಡಲೇ ಬಿಸಿಯಾಗಿ ಗಡಗಡ ನಡುಗುತ್ತಿತ್ತು. 1958ರಲ್ಲಿ ಮಾರಾಟವಾಗಿದ್ದು 287. ಒಂದೆರಡು ವರ್ಷದಲ್ಲಿ ಆ ಕಾರಿನ ಗಂಟುಮೂಟೆ ಕಟ್ಟಿದರು. ಆದರೆ ಸುಮ್ನೆ ಕೂರಲಿಲ್ಲ. ಅಮೆರಿಕನ್ನರು ಹೇಗೆ, ಎಷ್ಟು ದೂರ ಓಡಿಸುತ್ತಾರೆ ಅಂತ ನೋಡಿದರು. 1965ರಲ್ಲಿ ಜೋರಾದ ಎಂಜಿನ್, ಆಟೊಮ್ಯಾಟಿಕ್ ಗೇರ್ ಹಾಕಿ ಕೊರೋನಾ ಅನ್ನುವ ಕಾರು ತಂದರು. ಓಡಿತು. ನಿಸ್ಸಾನ್ ತನ್ನ ಸ್ಪೋರ್ಟ್ಸ್ ಕಾರಿಗೆ ‘ಫೇರ್‌ಲೇಡಿ’ (ಚೆಲುವೆ) ಅಂತ ಹೆಸರಿಟ್ಟಾಗ ಅಮೆರಿಕದಲ್ಲಿದ್ದ ಅದರ ಅಧಿಕಾರಿ ಯುತಾಕಾ ಕಟಯಾಮ ತಲೆ ಚಚ್ಚಿಕೊಂಡಿರಬೇಕು. ಹೆಸರು ಕಿತ್ತು ‘240ಜೆಡ್’ ಅಂತ ಅಂಟಿಸಿದರು. ಅದಕ್ಕೆ ಯಾವ ಡಿಗ್ರಿಯೂ ಬೇಕಾಗಲಿಲ್ಲ.

ಉಳಿದವರ ಕತೆ ಚಿಕ್ಕದು. ಮನೆ ರಿಪೇರಿ ಸಾಮಾನು ಮಾರುವ ಅಮೆರಿಕದ ಹೋಮ್ ಡಿಪೊ ಚೀನಾಕ್ಕೆ ಹೋಗಿ, ನಿಮ್ಮ ಗೋಡೆಗೆ ನೀವೇ ಬಣ್ಣ ಹೊಡೆಯಿರಿ ಅಂದಿತು. ಕಡಿಮೆ ಕೂಲಿಗೆ ಆಳು ಸಿಗುವಾಗ ಯಾರು ಏಣಿ ಹತ್ತುತ್ತಾರೆ? 2012ರಲ್ಲಿ ದೊಡ್ಡ ಅಂಗಡಿಗಳ ಬಾಗಿಲು ಎಳೆಯಿತು. ಶಾಂಘೈಯಲ್ಲಿ ಬಾರ್ಬಿ ಗೊಂಬೆಗೆ ಆರು ಅಂತಸ್ತಿನ ಮಳಿಗೆ ಎದ್ದಿದ್ದು 2009ರಲ್ಲಿ. ಎರಡೇ ವರ್ಷ. 1994ರಲ್ಲಿ ಕೆಲಾಗ್ಸ್ ಭಾರತಕ್ಕೆ ಗರಿಗರಿ ಕಾರ್ನ್‌ಫ್ಲೇಕ್ಸ್ ತಂದಿತು. ನಾವು ಅದಕ್ಕೆ ಬಿಸಿ ಹಾಲು ಸುರಿದೆವು. ಗಂಜಿಯಾಯಿತು. ತಣ್ಣನೆಯ ಹಾಲು ಕುಡಿದು ಬೆಳೆದವರಿಗೆ ಇದು ಹೊಳೆಯುವುದಾದರೂ ಹೇಗೆ, ಅಲ್ವಾ?

2025ರಲ್ಲಿ ಟ್ರಂಪ್ ಕೂಡ ಅದೇ ರಾಗ ಹಾಡಿದರು: ಜಪಾನಿನವರು ನಮ್ಮ ಕಾರು ಕೊಳ್ಳುವುದಿಲ್ಲ. ಕೊಳ್ಳುವವರು ಅಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದ ಕಾರಿನ ಮೋಹಕ್ಕೆ ಬಿದ್ದ ಕೆಲವರು ಎಡಗಡೆ ಸ್ಟೀರಿಂಗ್ ಇದ್ದದ್ದನ್ನೇ ಕೊಂಡು ಓಡಿಸುತ್ತಾರೆ. ಪಾರ್ಕಿಂಗ್ ಚೀಟಿ ಕೊಡುವ ಯಂತ್ರ ಮಾತ್ರ ಬಲಗಡೆ ಇರುತ್ತದೆ. ಅವರು ಗಾಡಿ ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಪಕ್ಕದ ಸೀಟಿನ ಮೇಲೆ ಉದ್ದಕ್ಕೆ ವಾಲಿ ಆ ಕಡೆಯ ಕಿಟಕಿಯಿಂದ ಕೈ ಚಾಚುತ್ತಾರೆ. 45 ಡಿಗ್ರಿಗೆ ಕಡಿಮೆಯಿಲ್ಲ.