ನಿಯೋಪ್ಲಾಸಂ ಅಂದ ಕೂಡಲೇ ಅಳೋರಿಗೆ

ಇವತ್ತು ತುಮಕೂರಿನ ಒಂದು ಲ್ಯಾಬಿನ ಮೆಟ್ಟಿಲ ಮೇಲೆ ನಮ್ಮ ಗುಬ್ಬಿ ಚಿಕ್ಕಮ್ಮನ ಮನೆಯವರೆಲ್ಲ ಗೋಳೋ ಅಂತ ಅಳ್ತಿದ್ರು. ಚಿಕ್ಕಮ್ಮನ ಭುಜದ ಹಿಂದೆ ನಿಂಬೆಹಣ್ಣಿನಷ್ಟು ಗಡ್ಡೆ. ಒತ್ತಿದ್ರೆ ಮೆತ್ತಗೆ ಜಾರುತ್ತೆ, ನೋವಿಲ್ಲ. ಸೂಜಿ ಟೆಸ್ಟ್ ರಿಪೋರ್ಟಲ್ಲಿ 'ಬಿನೈನ್ ನಿಯೋಪ್ಲಾಸಂ, ಲಿಪೋಮಾ' ಅಂತಿತ್ತು. 'ಬಿನೈನ್' ಅಂದ್ರೆ ಸಾಧು, ಹರಡದ್ದು. ಅದು ಯಾರ ಕಣ್ಣಿಗೂ ಬಿದ್ದಿಲ್ಲ! ಅವರ ಮಗ ಎರಡನೇ ಪದ ಮೊಬೈಲಲ್ಲಿ ಹುಡುಕಿದ, ಬಂದಿದ್ದು ಕ್ಯಾನ್ಸರ್. ಶಿರಾ ಭಾವ ಆಗಲೇ ಕಿದ್ವಾಯಿಯಲ್ಲಿ ಯಾರ ಪರಿಚಯ ಇದೆ ಅಂತ ಫೋನ್ ಮೇಲೆ ಫೋನ್.

"ಅಮ್ಮ, ಇದು ಕೊಬ್ಬಿನ ಗಡ್ಡೆ, ಹೆದರಬೇಡಿ" ಅಂತ ಒಂದು ಮಾತು ಹೇಳೋಕೆ ರಿಪೋರ್ಟ್ ಕೊಟ್ಟವರಿಗೆ ಏನಾಗಿತ್ತು?

ಇಷ್ಟು ವರ್ಷ ಬಯಾಲಜಿ ಹೇಳಿಕೊಟ್ಟ ಚಟ ನನ್ನದು, ಅಲ್ಲೇ ಪಾಠ ಶುರು ಮಾಡಿದೆ. ಗ್ರೀಕಲ್ಲಿ ನಿಯೋಸ್ ಅಂದ್ರೆ ಹೊಸದು, ಪ್ಲಾಸ್ಮಾ ಅಂದ್ರೆ ರೂಪುಗೊಂಡದ್ದು. ಹೊಸದಾಗಿ ಬೆಳೆದದ್ದು, ಅಷ್ಟೇ. ಸಾಧುವೋ ಮಾರಕವೋ ಅನ್ನೋದು ಅದರಲ್ಲಿಲ್ಲ. ಇನ್ನು ಗಡ್ಡೆಗೆ ಹೇಳೋ ಟ್ಯೂಮರ್ ಅನ್ನೋ ಪದ ಲ್ಯಾಟಿನ್ನಿನ 'ಊತ'. 1ನೇ ಶತಮಾನದ ರೋಮನ್ ವೈದ್ಯಗ್ರಂಥಕಾರ ಸೆಲ್ಸಸ್ ಉರಿಯೂತದ ಲಕ್ಷಣ ಬರೆಯುವಾಗ ಕೆಂಪು, ಬಿಸಿ, ನೋವಿನ ಜೊತೆ ಅದನ್ನೂ ಸೇರಿಸಿದ್ದ. ಅವನ ಲೆಕ್ಕಕ್ಕೆ ಜೇನು ಕಚ್ಚಿ ಊದಿದ ಕೆನ್ನೆಯೂ ಟ್ಯೂಮರ್ರೇ. ನಮ್ಮ ಸುಶ್ರುತ ಸಂಹಿತೆಯಲ್ಲೂ ಗ್ರಂಥಿ ಅನ್ನೋ ಗಂಟು ಬೇರೆ, ಅರ್ಬುದ ಅನ್ನೋ ಆಳಕ್ಕೆ ಬೇರೂರಿದ ದೊಡ್ಡ ಗಡ್ಡೆ ಬೇರೆ. ಕ್ಯಾನ್ಸರ್ ಅನ್ನಬೇಕಾದ್ರೆ ಅದು ಅಕ್ಕಪಕ್ಕಕ್ಕೆ ನುಗ್ಗಬೇಕು, ದೂರಕ್ಕೆ ಹರಡೋ ಗುಣ ಇರಬೇಕು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಮಹಾಶಯರೊಬ್ಬರ ತೀರ್ಪು: ಕೊನೇಲಿ 'ಓಮಾ' ಬಂದ್ರೆ ಮುಗೀತು. ಹೌದಾ ಸ್ವಾಮಿ? ಲಿಂಫೋಮಾ, ಮೆಲನೋಮಾ ಕ್ಯಾನ್ಸರ್, ಒಪ್ಪಿದೆ. ಲಿಪೋಮಾ ಅಲ್ಲ. ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟೋ ಹೆಮಟೋಮಾ ನಿಯೋಪ್ಲಾಸಮ್ಮೇ ಅಲ್ಲ, ಗ್ಲಾಕೋಮಾ ಕಣ್ಣಿನ ಕಾಯಿಲೆ. ಇನ್ನು 'ಓಮಾ' ಇಲ್ಲದ ಲುಕೇಮಿಯಾ ರಕ್ತದ ಕ್ಯಾನ್ಸರ್.

ಪಾಪ, ಲ್ಯಾಬಿನವರಿಗೆ ಟೈಮ್ ಇರಲ್ಲ, ಎಷ್ಟು ಜನ ಕಾಯ್ತಿರ್ತಾರೆ ಅಂತ ನಮ್ಮ ಮನೆಯವರದ್ದೇ ವಕಾಲತ್ತು. ಇರಬಹುದು. ಫೋನ್‌ಪೇ ಆಗಲ್ಲ, ಕ್ಯಾಶೇ ಕೊಡಿ, ಚಿಲ್ಲರೆ ಇಟ್ಕೊಳ್ಳಿ ಅಂತ ಹೇಳೋಕೆ ಮಾತ್ರ ಧಾರಾಳ ಟೈಮ್ ಇತ್ತು.

ಗಡ್ಡೆ ಬಂದ್ರೆ ಸುಮ್ಮನಿರಿ ಅಂತಿಲ್ಲ. ತೋರಿಸಿ. ಗಟ್ಟಿಯಾಗಿದ್ರೆ, ಬೇಗ ಬೇಗ ಬೆಳೀತಿದ್ರೆ ಇವತ್ತೇ ಹೋಗಿ. ರಿಪೋರ್ಟ್ ಹಿಡ್ಕೊಂಡು "ಇದು ಹರಡೋದಾ, ಅಲ್ವಾ?" ಅಂತ ಬಾಯಿಬಿಟ್ಟು ಕೇಳಿ, ಹೇಳೋವರೆಗೂ ಕುರ್ಚಿ ಬಿಟ್ಟು ಏಳಬೇಡಿ. ನಿಮಗೆ ಗೊತ್ತಿರಲಿಕ್ಕಿಲ್ಲ, ನನ್ನ ಗರ್ಭಕೋಶದಲ್ಲೂ ಒಂದು ಫೈಬ್ರಾಯ್ಡ್, ಅಂದ್ರೆ ಸಾಧು ಗಡ್ಡೆ, ಇದೆ. ಅದೂ ನಿಯೋಪ್ಲಾಸಮ್ಮೇ. ಆರಾಮಾಗಿ ಮುದ್ದೆ ತಿಂದ್ಕೊಂಡಿದ್ದೀನಿ. ಕಾಮೆಂಟಲ್ಲಿ ಕ್ಯಾನ್ಸರಿಗೆ ಮದ್ದು ಅಂತ ಲಕ್ಷ್ಮಣಫಲದ ಕಷಾಯ ಹೇಳೋಕೆ ಬಂದವರನ್ನ ಬ್ಲಾಕ್ ಮಾಡ್ತೀನಿ.